ಸುಟ್ಟುಹೋಗದ ಡಬ್ಬಿ

ಕರೆಂಟು ಹೋಗಿದ್ದು ಹನ್ನೊಂದೇ ನಿಮಿಷ. ಹೋಗುವುದಾದರೂ ನೆಟ್ಟಗೆ ಹೋಯಿತೇ? ಚಪ್ಪಲಿ ಮೆಟ್ಟಿದ ಮೇಲೂ ಬಾಗಿಲಲ್ಲಿ ನಿಂತು ಮಾತು ಮುಂದುವರಿಸುವ ನೆಂಟರ ಹಾಗೆ ಮೂರು ಸಲ ಹೋಗಿ, ಮೂರು ಸಲ ಬಂದು, ಕೊನೆಗೆ ಒಳಗೇ ಉಳಿಯಿತು. ಫ್ಯಾನು ತಿರುಗಿತು, ಫ್ರಿಜ್ಜು ಗುರುಗುಟ್ಟಿತು. ಬೀರುವಿನ ಮೇಲಿನ ಡಬ್ಬಿ ಮಾತ್ರ ಕೆಂಪು ಕಣ್ಣು ಬಿಟ್ಟುಕೊಂಡು ಕೂತುಬಿಟ್ಟಿತು.

ಡಬ್ಬಿ ಅಂಗೈಯಗಲದ್ದು. ಮನೆಯೊಳಗೂ ಮೆಟ್ಟಿಲ ಮೇಲೂ ಛಾವಣಿಗೆ ಅಂಟಿಸಿದ್ದ ಮೂರು ಬಿಳಿ ವೈಫೈ ತಟ್ಟೆಗಳಿಗೆ ಅದೇ ಯಜಮಾನ. ಯಾವ ಫೋನನ್ನು ಒಳಗೆ ಬಿಡಬೇಕು, ಯಾವುದನ್ನು ಬಾಗಿಲಲ್ಲೇ ನಿಲ್ಲಿಸಬೇಕು ಎಂದು ತಟ್ಟೆಗಳಿಗೆ ಹೇಳುವುದು ಅದರ ಕೆಲಸ. ಅದು ಹೇಳದಿದ್ದರೆ ತಟ್ಟೆಗಳು ಬಾಯಿ ಬಿಡುವುದಿಲ್ಲ, ಮನೆಗೆ ನೆಟ್ ಇಲ್ಲ. ಅಳಿಯ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೊಸ ಡಬ್ಬಿ ಬಂದಾಗ, ಮೂಲೆ ಚಕ್ಕೆ ಎದ್ದ ಈ ಹಳೆಯದನ್ನು ಅಂಗಡಿಯವರು ಅವನಿಗೆ ಕೊಟ್ಟಿದ್ದರು.

ಅವನನ್ನು ಅಳಿಯ ಎಂದೇ ಕರೆಯಬೇಕು. ಮದುವೆಯಾಗಿ ಅತ್ತೆಯ ಮನೆಗೇ ಬಂದು ಏಳು ವರ್ಷವಾಗಿತ್ತು. ಆ ಮೂರು ಮಹಡಿಯ ಕಟ್ಟಡಕ್ಕೆಲ್ಲ ಅವನೊಬ್ಬನೇ ಅಳಿಯ. ಯಾರ ಮನೆಯ ಗ್ಯಾಸ್ ಸಿಲಿಂಡರಾದರೂ ಅಳಿಯ ಎತ್ತಬೇಕು, ಯಾರ ಮನೆಯ ಬಲ್ಬಾದರೂ ಅಳಿಯ ಹಾಕಬೇಕು. ಇಲ್ಲ ಎನ್ನುವ ಒಂದು ಮಾತನ್ನು ದೇವರು ಅವನ ಬಾಯಿಗೆ ಕೊಟ್ಟಿರಲಿಲ್ಲ.

“ಅಳಿಯಂದ್ರೇ, ಡಬ್ಬಿ ಕಣ್ಣು ಕೆಂಪಗಿದೆ,” ಎಂದರು ಅತ್ತೆ.

“ಸರಿಯಾಗತ್ತೆ ಬಿಡಿ ಅತ್ತೆ. ನೀವು ಓದ್ಕೊಳ್ಳಿ.”

ಅತ್ತೆ ಓದಿಕೊಳ್ಳಲಿಲ್ಲ. ಟವೆಲ್ಲುಗಳನ್ನು ಮಡಚತೊಡಗಿದರು. ಇಪ್ಪತ್ತೆರಡು ವರ್ಷದಿಂದ ಅವರು ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹೊದಿಕೆ ಮಡಚುವ ಕೆಲಸ ಮಾಡುತ್ತಿದ್ದರು. ಗಾಬರಿಯಾದಾಗ ಕೈಗೆ ಸಿಕ್ಕಿದ್ದನ್ನು ಮಡಚುತ್ತಿದ್ದರು. ಅವರೇ ಕೆಲಸ ಕಲಿಸಿದ ಹುಡುಗಿ ಹೋದ ವರ್ಷ ಅವರ ಮೇಲೆ ಮೇಲ್ವಿಚಾರಕಿಯಾಗಿ ಬಂದಳು. ಅವಳದು ಹತ್ತನೇ ಕ್ಲಾಸು ಪಾಸಾಗಿತ್ತು, ಅತ್ತೆಯದು ಏಳಕ್ಕೇ ನಿಂತಿತ್ತು. ಅತ್ತೆ ಆಸ್ಪತ್ರೆಯಲ್ಲಿ ಯಾರಿಗೂ ಏನೂ ಹೇಳದೆ ಮನೆಯಲ್ಲೇ ಓದಿ ಹತ್ತನೇ ಕ್ಲಾಸಿಗೆ ಕಟ್ಟಿದರು. ಬರೆಯುವ ಪರೀಕ್ಷೆ ಮುಗಿದಿತ್ತು. ಉಳಿದದ್ದು ಬಾಯಿ ಪರೀಕ್ಷೆ. ಅದು ಇವತ್ತು, ಸಂಜೆ ನಾಲ್ಕಕ್ಕೆ, ಟ್ಯಾಬಿನ ಮುಂದೆ ಕೂತು. ವಿಳಾಸ ಕೊಟ್ಟ ಮನೆಯಲ್ಲೇ ಕೂರಬೇಕು, ಬೆನ್ನಿಗೆ ಗೋಡೆ ಇರಬೇಕು, ಎರಡೂ ಕೈ ಕಾಣುತ್ತಿರಬೇಕು. ತಪ್ಪಿದರೆ ಮುಂದಿನ ವರ್ಷ.

“ಫೋನಿನ ನೆಟ್‌ನಲ್ಲೇ ಮಾಡಿಸಿದ್ರೆ?” ಎಂದಳು ಹೆಂಡತಿ.

ಆ ಕಟ್ಟಡದ ಗೋಡೆ ಒಂದೂವರೆ ಮೊಳ ದಪ್ಪ. ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಮೇಲೆ ಟೆರೇಸಿನಲ್ಲಿ, ನೀರಿನ ತೊಟ್ಟಿಯ ಪಕ್ಕ, ಅದೂ ಒಂದೇ ಗೆರೆ. ಅಲ್ಲಿ ಬೆನ್ನಿಗೆ ಗೋಡೆಯಿಲ್ಲ, ಪಾರಿವಾಳಗಳಿವೆ.

“ಮಧ್ಯಾಹ್ನದ ಒಳಗೆ ಸರಿ ಮಾಡ್ತೀನಿ,” ಎಂದ ಅಳಿಯ. ಸ್ಟೂಲು ಹಾಕಿ ಹತ್ತಿದ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಅವನು ಬೆಚ್ಚಿ ಬೀರುವನ್ನು ಹಿಡಿದುಕೊಂಡ.

ಅದಕ್ಕೆ ಕಾರಣವಿತ್ತು. ಮೂರು ತಿಂಗಳ ಹಿಂದಿನವರೆಗೂ ಆ ಡಬ್ಬಿಯ ನೆಟ್ಟನ್ನು ಇಡೀ ಕಟ್ಟಡ ಕುಡಿಯುತ್ತಿತ್ತು. ಮೇಲಿನ ಮನೆಯ ಗಾರ್ಡ್ ಸಾರ್ ರೈಲ್ವೆಯಿಂದ ನಿವೃತ್ತರಾದ ಮೇಲೆ ಮ್ಯಾಚು ನೋಡುವುದನ್ನೇ ಡ್ಯೂಟಿ ಮಾಡಿಕೊಂಡಿದ್ದರು. ಎದುರು ಮನೆಯ ಹಾಡಿನ ಮೇಡಂ ಟ್ಯಾಬಿನಲ್ಲೇ ಪಾಠ ಹೇಳುತ್ತಿದ್ದರು. ಕೆಳಗಿನ ಬೇಕರಿ ಅಕ್ಕ ದಿನವಿಡೀ ಅಂಗಡಿಗೆ ಹಾಡು ಹಾಕುತ್ತಿದ್ದರು. ಅಳಿಯನಿಗಿದ್ದದ್ದು ಒಂದೇ ಚಟ, ಸಂಜೆ ಐದಕ್ಕೆ ಫೋನಿನಲ್ಲಿ ಚದುರಂಗ. ಒಂದು ಸಂಜೆ ಇನ್ನೊಂದೇ ನಡೆಗೆ ಗೆಲ್ಲಬೇಕು, ಪರದೆ ಹೆಪ್ಪುಗಟ್ಟಿತು. ಕರಗುವಷ್ಟರಲ್ಲಿ ಅವನ ಸಮಯ ಮುಗಿದು ಸೋತಿದ್ದ. ಮಾರನೆಯ ದಿನ ಪಾಸ್‌ವರ್ಡ್ ಬದಲಿಸಿದ. ನೇರವಾಗಿ ಹೇಳಲು ನಾಲಿಗೆ ಹೊರಳಲಿಲ್ಲ. “ದೊಡ್ಡ ಡಬ್ಬಿ ಸುಟ್ಟುಹೋಯ್ತು. ಕಂಪನಿಯವರು ಸಣ್ಣದು ಕೊಟ್ಟಿದ್ದಾರೆ, ನಮ್ಮ ಮನೆಗಷ್ಟೇ ಸಾಕಾಗತ್ತೆ,” ಎಂದು ಮುಖ ಬಾಡಿಸಿಕೊಂಡು ಮೂರೂ ಮನೆಗೆ ಹೇಳಿ ಬಂದ. ಅವರು ಎಷ್ಟು ಒಳ್ಳೆಯವರೆಂದರೆ ಅವನನ್ನೇ ಸಮಾಧಾನ ಮಾಡಿ ಕಳಿಸಿದರು. ಬೇಕರಿ ಅಕ್ಕ ಒಂದು ಬನ್ನನ್ನೂ ಕೊಟ್ಟಿದ್ದರು. ಆ ಬನ್ನು ಅವತ್ತು ಗಂಟಲಲ್ಲಿ ಇಳಿದಿರಲಿಲ್ಲ.

ಈಗ ಬಾಗಿಲಲ್ಲಿ ಮೂವರೂ ನಿಂತಿದ್ದರು.

“ನೆಟ್ ಹೋಯ್ತಂತೆ?” ಎಂದರು ಬೇಕರಿ ಅಕ್ಕ. ಕೈಗೆ ಮೊಳಕೈವರೆಗೂ ಹಿಟ್ಟು.

“ನಿಮಗೆ ಹೇಗೆ ಗೊತ್ತಾಯ್ತು?”

“ಅಯ್ಯೋ, ಇವತ್ತು ನಿಮ್ಮತ್ತೆ ಪರೀಕ್ಷೆ ಅಲ್ವಾ, ಕರೆಂಟು ಹೋದ ತಕ್ಷಣ ನಮಗೆ ಅದೇ ಯೋಚ್ನೆ.”

ಎಂಥ ಮನಸ್ಸು ಎಂದು ಅಳಿಯನಿಗೆ ನಾಚಿಕೆಯಾಯಿತು. ನಾಚಿಕೆಯಲ್ಲೇ ಕೈಗೆ ಸಿಕ್ಕ ಟವೆಲ್ಲನ್ನು ಡಬ್ಬಿಯ ಮೇಲೆ ಹೊದಿಸಿಬಿಟ್ಟ. ಸುಟ್ಟುಹೋದ ಡಬ್ಬಿಯನ್ನು ಅವರೆಲ್ಲ ಮೊದಲು ನೋಡಿದ್ದರಲ್ಲ.

“ಯಾಕ್ರೀ ಅದಕ್ಕೆ ಹೊದಿಕೆ? ಜ್ವರಾನಾ?” ಎಂದರು ಹಾಡಿನ ಮೇಡಂ.

“ಧೂಳು, ಮೇಡಂ.”

ಗಾರ್ಡ್ ಸಾರ್ ಎತ್ತರದ ಮನುಷ್ಯ. ಸ್ಟೂಲಿಲ್ಲದೆಯೇ ಟವೆಲ್ಲಿನ ಅಂಚು ಎತ್ತಿ ಇಣುಕಿದರು. “ಇದರದ್ದೂ ಮೂಲೆ ಚಕ್ಕೆ ಎದ್ದಿದೆ. ಹಳೇದ್ರದ್ದೂ ಎದ್ದಿತ್ತು.”

“ಅದೇ ಕಂಪನಿದು ಸಾರ್.”

“ಒಳ್ಳೇ ಕಂಪನಿ. ಒಡೆಯೋದೂ ಒಂದೇ ಜಾಗದಲ್ಲಿ.”

ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನಲಿಲ್ಲ, ಆದರೂ ಅಳಿಯ ಹೆಗಲು ಮುಟ್ಟಿ ನೋಡಿಕೊಂಡ.

ಮೊದಲ ಮದ್ದು ಎಲ್ಲರಿಗೂ ಗೊತ್ತಿದ್ದದ್ದೇ. ಪ್ಲಗ್ಗು ಕಿತ್ತು ಹಾಕಿದರು. ಗಾರ್ಡ್ ಸಾರ್ ಕಿತ್ತು ಹಾಕಿದರು, ಮೇಡಂ ಕಿತ್ತು ಹಾಕಿದರು, ಅಕ್ಕ ಹಿಟ್ಟು ಒರೆಸಿಕೊಂಡು ಬಂದು ಕಿತ್ತು ಹಾಕಿದರು. ಡಬ್ಬಿ ಟವೆಲ್ಲಿನ ಅಂಚಿನ ಕೆಳಗಿಂದ ಮೂವರನ್ನೂ ಅದೇ ಕೆಂಪು ಕಣ್ಣಿಂದ ನೋಡಿತು.

ಎರಡನೆಯದು ಕಂಪನಿಗೆ ಫೋನು. ಅಳಿಯ ಟೆರೇಸಿಗೆ ಹೋಗಿ ತೊಟ್ಟಿಗೆ ಒರಗಿ ನಲವತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಂದು ಹೆಣ್ಣು ದನಿ ಬಂತು.

“ಡಬ್ಬಿ ಫೋಟೋ ತೆಗೆದು ನಮ್ಮ ವೆಬ್‌ಸೈಟಿಗೆ ಹಾಕಿ ಸರ್.”

“ನೆಟ್ ಇಲ್ಲ ಅಂತಾನೇ ಫೋನ್ ಮಾಡಿರೋದು ಮೇಡಂ.”

“ಪರವಾಗಿಲ್ಲ ಸರ್. ನೆಟ್ ಬಂದ ಮೇಲೆ ಹಾಕಿ.”

ಕೆಳಗೆ ಬಂದಾಗ ಹನ್ನೆರಡೂವರೆ. ಉಳಿದದ್ದು ಡಬ್ಬಿಯ ಜೊತೆ ಬಂದಿದ್ದ ಸೂಚನೆಯ ಹಾಳೆ. ಹುಡುಕಿದರೆ ಸಿಗಲಿಲ್ಲ. ಕೊನೆಗೆ ಅತ್ತೆಯ ಮಡಿಲಲ್ಲಿ ಸಿಕ್ಕಿತು. ಅತ್ತೆ ಅದನ್ನು ಎಷ್ಟು ಸಲ ಮಡಚಿದ್ದರೆಂದರೆ ಬೆಂಕಿಪೊಟ್ಟಣದೊಳಗೆ ಇಡಬಹುದಿತ್ತು. ಬಿಡಿಸಿದಾಗ ಮಡಿಕೆ ಬಿದ್ದ ಕಡೆ ಅಕ್ಷರವೇ ಇರಲಿಲ್ಲ. ಇದ್ದಷ್ಟನ್ನು ಅಳಿಯ ಕನ್ನಡಕದಂಗಡಿಯ ಭೂತಗನ್ನಡಿ ಹಿಡಿದು ಓದಿದ.

“ಡಬ್ಬಿ ಏನೋ ಬರ್ಕೊಳ್ತಿರೋವಾಗ ಕರೆಂಟು ಹೋದ್ರೆ ಅದರ ನೆನಪು ಕಲಸಿಹೋಗತ್ತಂತೆ,” ಎಂದ. “ಹಿಂದುಗಡೆ ತೂತಿದೆ. ಅದರೊಳಗೆ ಪಿನ್ನು ಹಾಕಿ ಹತ್ತು ಸೆಕೆಂಡು ಒತ್ತಿ ಹಿಡೀಬೇಕು. ನೆನಪೆಲ್ಲ ಅಳಿಸಿಹೋಗತ್ತೆ.”

“ಅಳಿಸಿಹೋದ ಮೇಲೆ?” ಎಂದಳು ಹೆಂಡತಿ.

“ಅದು ವಾರಕ್ಕೊಂದು ಸಲ ಮೆಮೊರಿ ಚಿಪ್ಪಿನಲ್ಲಿ ಒಂದು ಪ್ರತಿ ಇಟ್ಕೊಂಡಿರತ್ತೆ. ಅದನ್ನ ವಾಪಸ್ ಕುಡಿಸಿದ್ರೆ ಮೊದಲಿನ ಹಾಗೇ ಆಗತ್ತೆ.”

ಪಿನ್ನು ಎಂದ ಕೂಡಲೇ ಮೂರು ಮನೆಯಿಂದ ಮೂರು ಬಗೆ ಬಂತು. ಮೇಡಂ ಅವರ ಹೇರ್‌ಪಿನ್ನು ದಪ್ಪವಾಯಿತು. ಅಕ್ಕ ತಂದ ಕೇಕು ಚುಚ್ಚಿ ನೋಡುವ ಕಡ್ಡಿಯ ತುದಿಯಲ್ಲಿ ಕೇಕಿತ್ತು. ಗಾರ್ಡ್ ಸಾರ್ ಕೋಟಿನಿಂದ ತೆಗೆದ ಸೇಫ್ಟಿ ಪಿನ್ನು ಸರಿಯಾಗಿ ಹೊಂದಿತು. ಅಳಿಯ ಸ್ಟೂಲಿನ ಮೇಲೆ ನಿಂತು ಒತ್ತಿ ಹಿಡಿದ.

“ಒಂದು, ಎರಡು, ಮೂರು,” ಎಂದು ಗಾರ್ಡ್ ಸಾರ್ ರೈಲು ಬಿಡುವವರ ಹಾಗೆ ಎಣಿಸಿದರು.

“ಸಾರ್, ಓಡ್ತಾ ಇದೀರಿ,” ಎಂದರು ಮೇಡಂ. ತೊಡೆ ತಟ್ಟಿಕೊಂಡು, “ಒಂ...ದು, ಎರ...ಡು.”

“ಇದೇನ್ರಮ್ಮ, ನಿಮ್ಮ ಹತ್ತು ಮುಗಿಯೋಷ್ಟರಲ್ಲಿ ಪರೀಕ್ಷೆ ಮುಗಿಯತ್ತೆ.”

“ಲಯ ಅನ್ನೋದು ಒಂದಿದೆ ಸಾರ್.”

“ಟೈಮು ಅನ್ನೋದೂ ಒಂದಿದೆ! ಮೂವತ್ತೆಂಟು ವರ್ಷ ಒಂದು ರೈಲನ್ನೂ ತಡ ಮಾಡಿಲ್ಲ ನಾನು.”

“ತಡ ಮಾಡಿಲ್ದೆ ಇರಬಹುದು. ಮೊದಲೇ ಬಿಟ್ಟು ಎಷ್ಟು ಜನರನ್ನ ತಪ್ಪಿಸಿದೀರೋ.”

ಯಾರ ಹತ್ತನ್ನು ನಂಬಬೇಕೆಂದು ತಿಳಿಯದೆ ಅಳಿಯ ಒತ್ತಿ ಹಿಡಿದೇ ಇದ್ದ. ಅಕ್ಕನ ತೋಳಿನ ಹಿಟ್ಟು ಮೂಗಿಗೆ ಹೋಗಿ ಒಂದು ಸೀನು ಬಂತು. ಪಿನ್ನು ಜಾರಿತು. ಮತ್ತೆ ಮೊದಲಿಂದ. ಎರಡನೆಯ ಸಲ ಗಾರ್ಡ್ ಸಾರ್ ಎಂಟು ಅನ್ನುವಾಗ ಮೇಡಂ ಐದರಲ್ಲಿದ್ದರು. ಆಗ ಒಳಗಿನ ಕೋಣೆಯಿಂದ ಅತ್ತೆ ಬಂದು, ಯಾರನ್ನೂ ನೋಡದೆ, ಗೋಡೆ ಗಡಿಯಾರದ ಮುಂದೆ ನಿಂತು ಹತ್ತು ಎಣಿಸಿ ವಾಪಸ್ಸು ಹೋದರು. ಡಬ್ಬಿಯ ಕಣ್ಣು ಕೆಂಪು ಹೋಗಿ ಬಿಳಿಯಾಯಿತು. ಹುಟ್ಟಿದ ಮಗುವಿನ ಹಾಗೆ ಏನೂ ಗೊತ್ತಿಲ್ಲದ ಬಿಳಿ.

“ಈಗ ಚಿಪ್ಪು!” ಎಂದು ಅಳಿಯ ಡಬ್ಬಿಯ ಪಕ್ಕದ ಸಂದಿ ತೆರೆದ. ಸಂದಿ ಖಾಲಿ.

ಅವನು ಸಂದಿಯೊಳಗೆ ಬೆರಳಾಡಿಸಿ ನೋಡಿದ. ಆಮೇಲೆ ನೆನಪಾಯಿತು. ಮೂರು ತಿಂಗಳ ಹಿಂದೆ ಅತ್ತೆಯ ಫೋನಿನಲ್ಲಿ ಪಾಠಗಳಿಗೆ ಜಾಗ ಸಾಲದೆ ಹೋದಾಗ ಅವನೇ ಆ ಚಿಪ್ಪು ತೆಗೆದು ಅಲ್ಲಿಗೆ ಹಾಕಿದ್ದ. ಅತ್ತೆಯ ಫೋನು ತಂದು, ಚಿಪ್ಪು ತೆಗೆದು, ಡಬ್ಬಿಗೆ ಹಾಕಿ, ಟ್ಯಾಬಿಗೂ ಡಬ್ಬಿಗೂ ತಂತಿ ಜೋಡಿಸಿದ. ಪ್ರತಿಗಳ ಪಟ್ಟಿ ಬಂತು. ಎಲ್ಲಕ್ಕಿಂತ ಹೊಸದರ ತಾರೀಖು ನೋಡಿದ.

ಅದು ಪಾಸ್‌ವರ್ಡ್ ಬದಲಿಸಿದ್ದರ ಹಿಂದಿನ ದಿನದ್ದು.

ಅದನ್ನು ಕುಡಿಸಿದರೆ ಡಬ್ಬಿ ಮೂರು ತಿಂಗಳು ಹಿಂದೆ ಹೋಗಿ ಕೂರುತ್ತದೆ. ಹಳೆಯ ಪಾಸ್‌ವರ್ಡೇ ಜೀವ ಪಡೆಯುತ್ತದೆ. ಈ ಮೂವರ ಫೋನುಗಳಲ್ಲಿ ಆ ಹಳೆಯದು ಇನ್ನೂ ಕೂತಿರುತ್ತದೆ. ಗುಂಡಿ ಒತ್ತಿದ ಕೂಡಲೇ ಇಲ್ಲೇ, ಅವನ ಕಣ್ಣೆದುರೇ, ಮೂರೂ ಫೋನು ಟಿಂಗ್ ಟಿಂಗ್ ಎನ್ನುತ್ತವೆ. ಸುಟ್ಟುಹೋದ ಡಬ್ಬಿ ಹೇಗಪ್ಪಾ ಎದ್ದು ಬಂತು ಎಂದು ಕೇಳಿದರೆ ಏನು ಹೇಳುವುದು?

“ನೀವೆಲ್ಲ ಹೋಗಿ ಊಟ ಮಾಡಿ ಬನ್ನಿ,” ಎಂದ ಮೆಲ್ಲಗೆ.

“ಊಟ ಇಲ್ಲಿಗೇ ತಂದಿದೀನಿ,” ಎಂದು ಅಕ್ಕ ಬುಟ್ಟಿ ತುಂಬ ಬ್ರೆಡ್ಡು ಇಟ್ಟರು. “ಇಂಥ ಹೊತ್ತಲ್ಲಿ ಬಿಟ್ಟು ಹೋಗೋಕಾಗತ್ತಾ?”

ಎರಡಾಯಿತು, ಮೂರಾಯಿತು. ಅಳಿಯ ತಂತಿ ಬದಲಿಸಿದ, ಚಿಪ್ಪು ಉಜ್ಜಿದ, ಬೇರೆ ಪ್ರತಿ ಇದೆಯೇನೋ ಎಂದು ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಎಳೆದ. ಇರಲಿಲ್ಲ. ಹೊಸದಾಗಿ ಎಲ್ಲ ಬರೆಯೋಣವೆಂದರೆ ಹಾಳೆಯ ಆ ಭಾಗ ಸರಿಯಾಗಿ ಮಡಿಕೆಯ ಮೇಲೇ ಬಿದ್ದಿತ್ತು. ಹೆಂಡತಿ ಅವನನ್ನೇ ನೋಡುತ್ತಿದ್ದಳು.

ಮೂರು ನಲವತ್ತೆರಡಕ್ಕೆ ಅತ್ತೆ ಕೋಣೆಯಿಂದ ಹೊರಬಂದರು. ಆಸ್ಪತ್ರೆಗೆ ಹಾಕಿಕೊಂಡು ಹೋಗುವ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ತಲೆ ನುಣ್ಣಗೆ ಬಾಚಿದ್ದರು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟರು. ಮಡಚಲು ಏನೂ ಇರಲಿಲ್ಲವಾಗಿ ಬೆರಳುಗಳನ್ನೇ ಮಡಚಿಕೊಂಡರು.

“ಆಗ್ಲಿಲ್ಲ ಅಂದ್ರೆ ಬಿಡಿ ಅಳಿಯಂದ್ರೇ,” ಎಂದರು. “ಮುಂದಿನ ವರ್ಷಾನೂ ವರ್ಷವೇ.”

ಅಳಿಯ ಕಣ್ಣು ಮುಚ್ಚಿ ಗುಂಡಿ ಒತ್ತಿದ.

ಡಬ್ಬಿ ಯೋಚಿಸಿತು. ಒಂದು ತಟ್ಟೆ ಹಸಿರಾಯಿತು, ಎರಡನೆಯದಾಯಿತು, ಮೂರನೆಯದೂ ಆಯಿತು. ಅಳಿಯ ಮೂವರ ಫೋನುಗಳನ್ನೇ ನೋಡುತ್ತ ಕಾದ. ಟಿಂಗ್ ಎನ್ನಲಿಲ್ಲ. ಯಾವ ಫೋನೂ ಉಸಿರೆತ್ತಲಿಲ್ಲ. ಮರೆತೇ ಹೋಗಿದೆ! ಪಾಪದ ಫೋನುಗಳು, ಮೂರು ತಿಂಗಳಲ್ಲಿ ಹಳೆಯದನ್ನು ಮರೆತೇಬಿಟ್ಟಿವೆ! ಅವನು ಟ್ಯಾಬಿಗೆ ಹಳೆಯ ಪಾಸ್‌ವರ್ಡ್ ಒತ್ತಿ ಅತ್ತೆಯ ಮುಂದಿಟ್ಟ. ಪರದೆಯಲ್ಲಿ ದಣಿದ ಮುಖದ ಪರೀಕ್ಷಕರೊಬ್ಬರು ಮೂಡಿದರು. ಮೂರು ಐವತ್ತಾರು. ಎಲ್ಲರೂ ತುದಿಗಾಲಲ್ಲಿ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಅಳಿಯನಿಗೆ ಜಗತ್ತೇ ಹಗುರವಾಗಿತ್ತು. ಒಂದು ತುಂಡು ಬ್ರೆಡ್ಡು ಬಾಯಿಗಿಟ್ಟುಕೊಂಡ. ಅಷ್ಟರಲ್ಲಿ ಗಾರ್ಡ್ ಸಾರ್ ತಮ್ಮ ಫೋನನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಪಿಸುಗುಟ್ಟಿದರು.

“ಅಳಿಯಂದಿರೇ, ಪೂರ್ತಿ ಸರಿಯಾಗಿಲ್ಲ ಕಣ್ರೀ. ನನ್ನದು ಹತ್ತುತ್ತಿಲ್ಲ.”

“ನಂದೂ,” ಎಂದರು ಮೇಡಂ.

“ಬೆಳಗ್ಗೆ ತನಕ ಚೆನ್ನಾಗಿತ್ತು. ಈಗ ಪಾಸ್‌ವರ್ಡ್ ತಪ್ಪು ಅಂತಿದೆ,” ಎಂದರು ಅಕ್ಕ.

ಅಳಿಯನ ಬಾಯಿಯ ಬ್ರೆಡ್ಡು ಅಲ್ಲೇ ನಿಂತಿತು. “ಬೆಳಗ್ಗೆ ತನಕಾನಾ?”

ಅಕ್ಕ ನಾಲಿಗೆ ಕಚ್ಚಿಕೊಂಡರು. ಗಾರ್ಡ್ ಸಾರ್ ಛಾವಣಿ ನೋಡಿದರು. ಬೆಳಗ್ಗೆ ಬಾಗಿಲು ಬಡಿದವರಿಗೆ ನೆಟ್ ಹೋಗಿದ್ದು ಹೇಗೆ ಗೊತ್ತಾಯಿತೆಂಬುದು ಅಳಿಯನಿಗೆ ಆಗ ಹೊಳೆಯಿತು.

ಬಾಗಿಲಾಚೆ ಪರೀಕ್ಷಕರ ದನಿ ಕೇಳಿತು. “ಮುಕ್ಕಾಲಿಗೆ ಎಂಟನೇ ಒಂದು ಕೂಡಿಸಿದರೆ ಎಷ್ಟಮ್ಮಾ?”

“ಬ್ರೆಡ್ಡನ್ನ ಎಂಟು ತುಂಡು ಮಾಡ್ತೀನಿ ಸಾರ್,” ಎಂದರು ಅತ್ತೆ. “ಮುಕ್ಕಾಲು ಅಂದ್ರೆ ಆರು ತುಂಡು. ಇನ್ನೊಂದು ಹಾಕಿದ್ರೆ ಏಳು. ಎಂಟನೇ ಏಳು. ಕೊನೇ ತುಂಡು ಉಳಿಯತ್ತೆ, ಅದು ಗಟ್ಟಿ ಇರತ್ತೆ, ಯಾರೂ ಕೇಳಲ್ಲ.”

ಅಳಿಯ ನಿಧಾನವಾಗಿ ಬೇಕರಿ ಅಕ್ಕನ ಕಡೆ ತಿರುಗಿದ. ಅಕ್ಕ ಬುಟ್ಟಿಯ ಬಟ್ಟೆ ಸರಿ ಮಾಡಿದರು.

“ಹತ್ತು ನಲವತ್ತಕ್ಕೆ ಹೊರಟ ರೈಲು, ಗಂಟೆಗೆ ಅರವತ್ತು ಕಿಲೋಮೀಟರು. ತೊಂಬತ್ತು ಕಿಲೋಮೀಟರು ಎಷ್ಟು ಹೊತ್ತಿಗೆ ಮುಟ್ಟುತ್ತೆ?”

“ಹನ್ನೆರಡು ಹತ್ತಕ್ಕೆ ಸಾರ್. ಸಿಗ್ನಲ್ ಸಿಕ್ಕಿದ್ರೆ.”

ಅಳಿಯ ಗಾರ್ಡ್ ಸಾರ್ ಕಡೆ ತಿರುಗಿದ. ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು. “ಸರಿಯಾಗಿ ಹೇಳಿದ್ಳು,” ಎಂದು ಪಿಸುಗುಟ್ಟಿದರು.

ಆಮೇಲೆ ಪದ್ಯ. ಅತ್ತೆ ಎಲ್ಲಿಯೂ ಏದುಸಿರು ಬಿಡದೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಹೇಳಿದರು. ಅಡುಗೆಮನೆಯಲ್ಲಿ ಮೇಡಂ ಬೆರಳು ತೊಡೆಯ ಮೇಲೆ ಅದೇ ಲಯಕ್ಕೆ ಬಡಿಯುತ್ತಿತ್ತು.

ಸಂಜೆ ಸಂಜೆ ಅತ್ತೆ, “ಪಾತ್ರೆ ವಾಪಸ್ ಕೊಟ್ಟು ಬರ್ತೀನಿ,” ಎಂದು ಹೋಗಿ ಒಂದು ಗಂಟೆಯ ಮೇಲೆ ಬರುತ್ತಿದ್ದದ್ದು ಅಳಿಯನಿಗೆ ನೆನಪಾಯಿತು. ಮನೆಯಲ್ಲಿ ಇದ್ದದ್ದು ಆರು ಪಾತ್ರೆ. ಮೂರು ತಿಂಗಳಲ್ಲಿ ಅವರು ವಾಪಸ್ ಕೊಟ್ಟದ್ದು ನೂರಾದರೂ ಆಗಿತ್ತು.

“ನಿನಗೂ ಗೊತ್ತಿತ್ತಾ?” ಎಂದು ಹೆಂಡತಿಯನ್ನು ಕೇಳಿದ.

“ಎಲ್ರಿಗೂ ಗೊತ್ತಿತ್ತು ರೀ. ನೀವು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಮಾಡ್ತಿದ್ರಿ. ಅಮ್ಮ ನಿಮ್ಮ ಮರ್ಯಾದೆ ಹೋಗ್ಬಾರದು ಅಂತ ಯಾರಿಗೂ ಬಾಯಿ ಬಿಡಬೇಡಿ ಅಂದಿದ್ರು.”

“ಹಾಗಾದ್ರೆ ಈಗ ಹಳೇ ಪಾಸ್‌ವರ್ಡೇ ಬಂದಿದೆ ಅಂತಾಯ್ತು,” ಎಂದು ಗಾರ್ಡ್ ಸಾರ್ ಲೆಕ್ಕ ಹಾಕಿ ಫೋನು ಎತ್ತಿಕೊಂಡರು. “ಅದು ನನಗೆ ಬಾಯಿಪಾಠ.”

“ಸಾರ್! ಕೈ ಮುಗೀತೀನಿ, ಪರೀಕ್ಷೆ ಮುಗಿಯೋ ತನಕ ಯಾರೂ ಹತ್ತಬೇಡಿ. ಚಿತ್ರ ನಿಂತುಹೋಗತ್ತೆ.”

ಅದು ಅಳಿಯ ತನ್ನ ಜನ್ಮದಲ್ಲಿ ನೆರೆಯವರಿಗೆ ಹೇಳಿದ ಮೊದಲ ‘ಬೇಡ’. ಗಾರ್ಡ್ ಸಾರ್ ಅವನ ಮುಖ ನೋಡಿದರು. ಫೋನನ್ನು ಬ್ರೆಡ್ಡಿನ ಬುಟ್ಟಿಯಲ್ಲಿ ಇಟ್ಟರು. ಮೇಡಂ ಇಟ್ಟರು, ಅಕ್ಕನೂ ಇಟ್ಟರು. ಎಲ್ಲರೂ ಬುಟ್ಟಿಯ ಸುತ್ತ ಕೂತು ಕಿವಿಗೊಟ್ಟರು.

ನಾಲ್ಕು ಇಪ್ಪತ್ತೆರಡಕ್ಕೆ ಬಾಗಿಲು ತೆರೆಯಿತು. ಅತ್ತೆ ಸೆರಗಿನ ತುದಿ ಮಡಚುತ್ತ ನಿಂತಿದ್ದರು. “ಅಲ್ಲೇ ಅಂಕ ಹೇಳಿಬಿಟ್ರು. ಪಾಸು,” ಎಂದರು. “ನಗ್ತಾ ಇದ್ರು ಆ ಸಾರು. ಗಟ್ಟಿ ತುಂಡು ತಮಗಿಷ್ಟ ಅಂದ್ರು.”

ಬೇಕರಿ ಅಕ್ಕ ಓಡಿ ಹೋಗಿ ಅಪ್ಪಿಕೊಂಡರು. ಅತ್ತೆಯ ಇಸ್ತ್ರಿ ಸೀರೆಯ ಮೇಲೆ ಎರಡು ಹಿಟ್ಟಿನ ಅಂಗೈ ಮೂಡಿತು. ಅತ್ತೆ ಅದನ್ನು ಒರೆಸಿಕೊಳ್ಳಲಿಲ್ಲ.

“ಅತ್ತೆ,” ಎಂದ ಅಳಿಯ, “ಹೊಸ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ ಅಂದಿದ್ನಲ್ಲ.”

“ನಾನೆಲ್ಲಿ ಕೊಟ್ಟೆ? ನೀವೇ ನನ್ನ ಗಣಿತದ ಪುಸ್ತಕದಲ್ಲಿ ಬರೆದು ಕೊಟ್ರಿ. ಆ ಪುಸ್ತಕ ಪಾಠಕ್ಕೆ ತಗೊಂಡು ಹೋಗ್ತಿದ್ದೆ.” ಅತ್ತೆ ಖಾಲಿ ಕೈಗಳನ್ನು ನೋಡಿಕೊಂಡರು. “ಎಲ್ಲಾನೂ ಮಡಚ್ತೀನಿ, ಅದೊಂದು ಪುಸ್ತಕ ಮಡಚೋದು ಮರ್ತೆ.”

ಎಲ್ಲರೂ ನಕ್ಕರು. ಅಳಿಯನೂ ನಕ್ಕ. ಬೆಳಗಿನಿಂದ ಎದೆಯ ಮೇಲಿದ್ದ ಚಪ್ಪಡಿ ಇಳಿದಂತಾಯಿತು. ಬೀರುವಿನ ಮೇಲಿನ ಟವೆಲ್ಲನ್ನು ಅವನೇ ತೆಗೆದ. ಚಕ್ಕೆ ಎದ್ದ ಮೂಲೆ ಎಲ್ಲರಿಗೂ ಕಂಡಿತು. ಬುಟ್ಟಿಯಿಂದ ಫೋನುಗಳು ಎದ್ದವು. ಟಿಂಗ್, ಟಿಂಗ್, ಟಿಂಗ್. ಮೇಲಿನ ಮನೆಯ ಟೀವಿಗೆ ಮ್ಯಾಚು ಬಂತು, ಎದುರು ಮನೆಯಲ್ಲಿ ಮೇಡಂ ಟ್ಯಾಬು ಹಿಡಿದು ಕೂತರು, ಕೆಳಗೆ ಬೇಕರಿಯಲ್ಲಿ ಅಕ್ಕನ ಗಂಡ ಹಾಡು ಹಾಕಿದ. ಅತ್ತೆ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಟ್ಯಾಬು ಹಿಡಿದು ಇಬ್ಬರು ತಂಗಿಯರಿಗೆ ಒಟ್ಟೊಟ್ಟಿಗೆ ಸುದ್ದಿ ಹೇಳತೊಡಗಿದರು. ಹೆಂಡತಿ ಅದನ್ನು ತನ್ನ ಫೋನಿನಲ್ಲಿ ಹಿಡಿದು ಎಲ್ಲರಿಗೂ ಕಳಿಸುತ್ತಿದ್ದಳು.

ಐದಕ್ಕೆ ಐದು ನಿಮಿಷವಿತ್ತು. ಅಳಿಯ ಮೆಟ್ಟಿಲ ಮೇಲೆ, ಹಸಿರು ತಟ್ಟೆಯ ಕೆಳಗೇ ಕೂತು ಚದುರಂಗ ತೆರೆದ. ಹಳೆಯ ಪಾಸ್‌ವರ್ಡ್ ಒತ್ತಿದ. ಹತ್ತಲಿಲ್ಲ. ಮತ್ತೆ ಒತ್ತಿದ. ‘ಜಾಗವಿಲ್ಲ’ ಎಂದಿತು.

ಆಗ ನೆನಪಾಯಿತು. ಆ ಕಾಲದಲ್ಲಿ, ನೆರೆಯವರ ನೆಂಟರೂ ಬಂದು ಹತ್ತಬಾರದೆಂದು, ಡಬ್ಬಿಗೆ ಹತ್ತಕ್ಕಿಂತ ಹೆಚ್ಚು ಬಿಡಬೇಡ ಎಂದು ಅವನೇ ಕಟ್ಟಪ್ಪಣೆ ಮಾಡಿದ್ದ. ಬೆರಳು ಮಡಚಿ ಎಣಿಸಿದ. ಗಾರ್ಡ್ ಸಾರ್ ಫೋನು, ಟೀವಿ. ಮೇಡಂ ಫೋನು, ಟ್ಯಾಬು. ಅಕ್ಕನ ಫೋನು, ಅಕ್ಕನ ಗಂಡನ ಫೋನು, ಬೇಕರಿಯ ಸ್ಪೀಕರು. ಅತ್ತೆಯದು ಎರಡು, ಹೆಂಡತಿಯದು ಒಂದು. ಹತ್ತು ಬೆರಳೂ ಮುಗಿದವು. ಅವನದು ಹನ್ನೊಂದನೆಯದು. ಅಪ್ಪಣೆ ಬದಲಿಸೋಣವೆಂದರೆ ಡಬ್ಬಿಯ ತಂತಿಗೆ ಹೊಂದುವುದು ಆ ಟ್ಯಾಬು ಮಾತ್ರ. ಟ್ಯಾಬಿನೊಳಗೆ ಅತ್ತೆಯ ತಂಗಿ ಆನಂದಬಾಷ್ಪ ಸುರಿಸುತ್ತಿದ್ದರು.

ಕೂತಲ್ಲಿಂದಲೇ ಮೇಲಕ್ಕೆ ಕೂಗಿದ. “ಸಾರ್, ಒಂದು ಅರ್ಧ ಗಂಟೆ ಯಾರಾದ್ರೂ ಒಬ್ರು ಇಳೀತೀರಾ? ನನಗೆ ನೆಟ್ ಸಿಗ್ತಿಲ್ಲ.”

ಗಾರ್ಡ್ ಸಾರ್ ಮೇಲಿನ ಮಹಡಿಯ ಕಟಕಟೆಯಿಂದ ಬಗ್ಗಿ ನೋಡಿದರು. ಮುಖದಲ್ಲಿ ತುಂಬಾ ಕನಿಕರವಿತ್ತು.

“ಏನ್ ಮಾಡೋದು ಅಳಿಯಂದಿರೇ,” ಎಂದರು. “ದೊಡ್ಡ ಡಬ್ಬಿ ಸುಟ್ಟುಹೋಯ್ತಲ್ಲ. ಇದು ಸಣ್ಣದು.”

ಕೆಳಗಿನಿಂದ ಬೇಕರಿ ಅಕ್ಕ ಬಂದು, ಸಮಾಧಾನಕ್ಕೆಂದು, ಅವನ ಕೈಯಲ್ಲಿ ಒಂದು ಬನ್ನು ಇಟ್ಟು ಹೋದರು. ಬಿಸಿಯಾಗಿತ್ತು. ಈ ಸಲ ಸಲೀಸಾಗಿ ಇಳಿಯಿತು.